ಮೀಟಿಂಗ್ ಪುಸ್ತಕಗಳು ಮತ್ತು ಒಂದು ಅಡುಗೆ ಪುಸ್ತಕ

ನಾನು ನಿವೃತ್ತಿಯಾಗಿ ಎರಡು ವರ್ಷವಾಯಿತು. ವಿಭಾಗದ ನನ್ನ ಕೋಣೆಯಿಂದ ತಂದಿದ್ದ ರಟ್ಟಿನ ಪೆಟ್ಟಿಗೆಗಳನ್ನು ಹೋದ ತಿಂಗಳವರೆಗೂ ಬಿಚ್ಚಿರಲಿಲ್ಲ. ಒಂದು ಮಧ್ಯಾಹ್ನ ಮನಸ್ಸು ಗಟ್ಟಿ ಮಾಡಿಕೊಂಡು ಕೂತೆ. ಪೆಟ್ಟಿಗೆ ತುಂಬ ಮೀಟಿಂಗ್ ಪುಸ್ತಕಗಳು. ಎಣಿಸಿದೆ, 31 ಇದ್ದವು. ಯಾವ ಕಮಿಟಿ, ಯಾರು ಬಂದಿದ್ದರು, ಯಾರು ಏನಂದರು, ಎಲ್ಲವನ್ನೂ ಬರೆದಿಟ್ಟಿದ್ದೆ. ಮೊದಲ ಪುಸ್ತಕದಲ್ಲಿ ನನ್ನ ಅಕ್ಷರ ದುಂಡಗಿದೆ. ಕೊನೆಯ ಪುಸ್ತಕಕ್ಕೆ ಬರುವಷ್ಟರಲ್ಲಿ ಅದು ಬರೀ ಗೀಟು.

ಅಡುಗೆಮನೆಯ ಕಪಾಟಿನಲ್ಲಿ ಇನ್ನೊಂದು ಪುಸ್ತಕವಿದೆ. ಅದೂ ಹೆಚ್ಚುಕಮ್ಮಿ ಅಷ್ಟೇ ಹಳೆಯದು. ಹೊಲಿಗೆ ಬಿಟ್ಟಿದೆ, ಹಾಳೆಗಳ ಮೇಲೆಲ್ಲ ಎಣ್ಣೆ ಕಲೆ. ಕೆಲಸಕ್ಕೆ ಸೇರಿದ ವರ್ಷ ಒಂದೇ ಕೋಣೆಯ ಮನೆಯಲ್ಲಿ ಅಡುಗೆ ಕಲಿಯುವಾಗ ಶುರು ಮಾಡಿದ್ದು. ಎರಡು ವಾರ ಎರಡನ್ನೂ ಜೊತೆಜೊತೆಗೆ ಓದಿದೆ. ಒಂದೇ ದಿನ ಬೆಳಿಗ್ಗೆ ಯಾವ ಮೀಟಿಂಗ್‌ನಲ್ಲಿ ಕೂತಿದ್ದೆ, ಸಂಜೆ ಒಲೆಯ ಮೇಲೆ ಏನಿಟ್ಟಿದ್ದೆ ಎಂದು ತಾಳೆ ನೋಡಿದೆ. ಅದರಿಂದ ನನ್ನ ಕೆಲಸದ ಬಗ್ಗೆಯೇ ನನಗೆ ಗೊತ್ತಿರದ ಒಂದು ವಿಷಯ ಗೊತ್ತಾಯಿತು. ಅದನ್ನು ಹೇಳೋಣ ಅಂತ ಇದನ್ನು ಬರೆಯುತ್ತಿದ್ದೇನೆ.

ನಾನು ಕಲಿಸಿದ್ದು ರಸಾಯನಶಾಸ್ತ್ರ. ಮನೆಯ ಅಡುಗೆ ಮೊದಲಿನಿಂದಲೂ ಸಸ್ಯಾಹಾರ. ಅಡುಗೆ ಪುಸ್ತಕದ ಮೊದಲ ಪುಟದಲ್ಲಿರುವುದು ಕೆಟ್ಟುಹೋದ ಒಂದು ಅಡುಗೆಯ ಕಥೆ. ಕಾಬೂಲಿ ಕಡಲೆಯನ್ನು ರಾತ್ರಿ ನೆನೆಸಿ, ಬೆಳಿಗ್ಗೆ ಟೊಮೆಟೊ ಜೊತೆಗೇ ಪಾತ್ರೆಗೆ ಹಾಕಿ ಒಲೆಯ ಮೇಲಿಟ್ಟಿದ್ದೆ. ಎರಡು ಗಂಟೆ ಕುದಿಸಿದರೂ ಕಾಳು ಬೇಯಲಿಲ್ಲ. ಹಲ್ಲಿಗೆ ಕಟಕಟ ಅನ್ನುತ್ತಿತ್ತು. ಕಾಳು ಹಳೆಯದು ಅಂತ ಅಂದುಕೊಂಡೆ. ಮುಂದಿನ ವಾರ ಅದೇ ಚೀಲದ ಕಾಳನ್ನು ಬರೀ ನೀರಲ್ಲಿ ಇಟ್ಟರೆ ಬೆಣ್ಣೆಯ ಹಾಗೆ ಬೆಂದಿತ್ತು.

ಇದರ ಕಾರಣ ನನಗೆ ಪಾಠದಲ್ಲಿ ಗೊತ್ತಿತ್ತು, ಪಾತ್ರೆಯಲ್ಲಿ ಗೊತ್ತಿರಲಿಲ್ಲ. ಕಾಳಿನ ಜೀವಕೋಶಗಳನ್ನು ಒಂದಕ್ಕೊಂದು ಅಂಟಿಸಿ ಹಿಡಿದಿರುವುದು ಪೆಕ್ಟಿನ್ ಎಂಬ ಪದಾರ್ಥ. ಬಿಸಿನೀರಿನಲ್ಲಿ ಅದು ಸಡಿಲವಾಗಿ ಕರಗಿದಾಗ ಕಾಳು ಮೆತ್ತಗಾಗುತ್ತದೆ. ಹುಳಿ ಇದ್ದರೆ ಕರಗುವುದು ತುಂಬ ನಿಧಾನ. ಗಡಸು ನೀರಿದ್ದರೂ ಅದೇ ತೊಂದರೆ. ನೀರಿನಲ್ಲಿರುವ ಕ್ಯಾಲ್ಸಿಯಂ ಪೆಕ್ಟಿನ್ ಎಳೆಗಳ ನಡುವೆ ಗಂಟು ಹಾಕಿಬಿಡುತ್ತದೆ. ಅದಕ್ಕೇ ಟೊಮೆಟೊ, ನಿಂಬೆರಸ ಏನಿದ್ದರೂ ಕಾಳು ಪೂರ್ತಿ ಬೆಂದ ಮೇಲೆ ಹಾಕಬೇಕು.

ಆಮೇಲೆ ಮೂರು ಬಟ್ಟಲಿನ ಪ್ರಯೋಗವಿದೆ. ಒಂದರಲ್ಲಿ ಬರೀ ನೀರು. ಇನ್ನೊಂದರಲ್ಲಿ ಲೀಟರಿಗೆ 15 ಗ್ರಾಂ ಉಪ್ಪು. ಮೂರನೆಯದರಲ್ಲಿ ಚಿಟಿಕೆ ಅಡುಗೆ ಸೋಡಾ. ಉಪ್ಪು ಹಾಕಿದರೆ ಕಾಳು ಬೇಯುವುದಿಲ್ಲ ಅಂತ ನನಗೆ ಹಿರಿಯರು ಹೇಳಿಕೊಟ್ಟಿದ್ದರು. ಆದರೆ ಉಪ್ಪುನೀರಿನಲ್ಲಿ ನೆನೆದ ಕಾಳಿನ ಸಿಪ್ಪೆಯೇ ಚೆನ್ನಾಗಿ ಮೆತ್ತಗಾಯಿತು, ಒಡೆಯಲೂ ಇಲ್ಲ. ಸಿಪ್ಪೆಯಲ್ಲಿರುವ ಕ್ಯಾಲ್ಸಿಯಂ ಇದ್ದ ಜಾಗಕ್ಕೆ ಉಪ್ಪಿನ ಸೋಡಿಯಂ ಬಂದು ಕೂರುತ್ತದೆ, ಗಂಟು ಸಡಿಲವಾಗುತ್ತದೆ. ಸೋಡಾ ಹಾಕಿದ್ದು ಎಲ್ಲಕ್ಕಿಂತ ಬೇಗ ಬೆಂದಿತು. ಆದರೆ ಬಾಯಿಗೆ ಸೋಪಿನ ರುಚಿ. ಬಿ1 ವಿಟಮಿನ್ ಕೂಡ ಸೋಡಾದಿಂದ ಹಾಳಾಗುತ್ತದೆ. ಅವತ್ತಿನಿಂದ ಇವತ್ತಿನವರೆಗೆ ನಾನು ಕಾಳು ನೆನೆಸುವುದು ಉಪ್ಪುನೀರಿನಲ್ಲೇ.

ರಾಜ್ಮಾ ಬಗ್ಗೆ ಬರೆದ ಪುಟಕ್ಕೆ ಕೆಂಪು ಶಾಯಿಯಲ್ಲಿ ಚೌಕ ಹಾಕಿದ್ದೇನೆ. ಒಬ್ಬ ವಿದ್ಯಾರ್ಥಿ ತನ್ನ ಕೋಣೆಯಲ್ಲಿ ಸಣ್ಣ ಉರಿಯ ವಿದ್ಯುತ್ ಪಾತ್ರೆಯಲ್ಲಿ ರಾಜ್ಮಾ ಇಟ್ಟು ಕ್ಲಾಸಿಗೆ ಬಂದಿದ್ದ. ರಾತ್ರಿಯಿಡೀ ವಾಂತಿ. ಹಸಿ ರಾಜ್ಮಾದಲ್ಲಿ ಲೆಕ್ಟಿನ್ ಜಾತಿಯ ವಿಷ ಇರುತ್ತದೆ. ನಾಲ್ಕೈದು ಹಸಿ ಕಾಳು ತಿಂದರೂ ಹೊಟ್ಟೆ ಕೆಡಬಹುದು. ಕನಿಷ್ಠ 5 ಗಂಟೆ ನೆನೆಸಿ, ಆ ನೀರು ಚೆಲ್ಲಿ, ಹೊಸ ನೀರಿನಲ್ಲಿ 30 ನಿಮಿಷ ಕೊತಕೊತ ಕುದಿಸಿದರೆ ವಿಷ ಹೋಗುತ್ತದೆ. ಕುದಿ ಬರದೆ 80 ಡಿಗ್ರಿಯ ಆಸುಪಾಸಿನಲ್ಲೇ ನಿಂತರೆ ವಿಷ ಇನ್ನೂ ಜಾಸ್ತಿಯಾಗಬಹುದು. ಹುಡುಗ ಎರಡು ದಿನದಲ್ಲಿ ಸರಿಹೋದ. ಅವನನ್ನು ಮನೆಗೆ ಕರೆದು ಕುಕ್ಕರ್ ಬಳಸುವುದು ಹೇಳಿಕೊಟ್ಟೆ. ಫ್ರೆಂಚ್ ವಿಜ್ಞಾನಿ ಡೆನಿಸ್ ಪಾಪಿನ್ 1679ರಲ್ಲೇ ಕುಕ್ಕರಿನ ಮೂಲರೂಪ ಮಾಡಿದ್ದರು. ಒಳಗೆ ಒತ್ತಡ ಏರಿದಾಗ ನೀರು 100ಕ್ಕೆ ಕುದಿಯದೆ ಸುಮಾರು 120 ಡಿಗ್ರಿಯವರೆಗೆ ಹೋಗುತ್ತದೆ. ಕ್ಲಾಸಿನಲ್ಲಿ ಬೋರ್ಡಿನ ಮೇಲೆ ಎಷ್ಟೋ ಸಲ ಬರೆದ ಸಾಲು ಅದು. ಆ ಹುಡುಗನಿಗೆ ಅದು ಅರ್ಥವಾದದ್ದು ನನ್ನ ಅಡುಗೆಮನೆಯಲ್ಲಿ.

ಈಗ ಮೀಟಿಂಗ್ ಪುಸ್ತಕಗಳಿಗೆ ಬರುತ್ತೇನೆ.

ಒಂದು ಇಡೀ ಪುಸ್ತಕ ಎರಡನೇ ಮಹಡಿಯ ಒಂದು ಕೋಣೆ ಯಾವ ವಿಭಾಗಕ್ಕೆ ಸೇರಬೇಕು ಎನ್ನುವುದರ ಬಗ್ಗೆ ಇದೆ. ಎರಡು ವರ್ಷ ನಡೆದ ಜಗಳ. ಇಬ್ಬರು ಹಿರಿಯರು ಅದರಿಂದ ಮಾತು ಬಿಟ್ಟರು. ಒಬ್ಬರ ಮಗಳ ಮದುವೆಗೆ ಇನ್ನೊಬ್ಬರು ಹೋಗಲಿಲ್ಲ. ಓದುತ್ತಾ ಓದುತ್ತಾ ನಾನು ನಿಲ್ಲಿಸಿ ಯೋಚಿಸಿದೆ, ಕೊನೆಗೆ ಆ ಕೋಣೆ ಯಾರಿಗೆ ಸಿಕ್ಕಿತು? ನೆನಪಿಗೆ ಬರಲಿಲ್ಲ. ಪುಸ್ತಕದಲ್ಲೂ ಇಲ್ಲ.

ಬ್ರಿಟನ್ನಿನ ಸಿ. ನಾರ್ತ್‌ಕೋಟ್ ಪಾರ್ಕಿನ್ಸನ್ 1957ರಲ್ಲಿ ಇಂಥದ್ದೊಂದು ಕಲ್ಪಿತ ಕಮಿಟಿಯನ್ನು ವಿವರಿಸಿದ್ದರು. ಅದು ಕೋಟಿಗಟ್ಟಲೆ ಖರ್ಚಿನ ಅಣು ರಿಯಾಕ್ಟರಿಗೆ ಎರಡೂವರೆ ನಿಮಿಷದಲ್ಲಿ ಒಪ್ಪಿಗೆ ಕೊಡುತ್ತದೆ, ಸೈಕಲ್ ಶೆಡ್ಡಿನ ಬಗ್ಗೆ 45 ನಿಮಿಷ ವಾದ ಮಾಡುತ್ತದೆ. ರಿಯಾಕ್ಟರ್ ಯಾರಿಗೂ ಗೊತ್ತಿಲ್ಲ, ಶೆಡ್ ಎಲ್ಲರಿಗೂ ಗೊತ್ತು, ಅದಕ್ಕೆ. ಇದು ನಿಜ. ಆದರೆ ನನ್ನ ಅನುಭವದಲ್ಲಿ ಇನ್ನೊಂದು ಕಾರಣವೂ ಇದೆ. ಕೋಣೆಯ ಜಗಳ ಕೋಣೆಯದ್ದಲ್ಲ. ಯಾವತ್ತೋ ಒಬ್ಬರ ಬಡ್ತಿಗೆ ಇನ್ನೊಬ್ಬರು ಅಡ್ಡ ಬಂದಿದ್ದರು. ಅದನ್ನು ಮೀಟಿಂಗ್‌ನಲ್ಲಿ ಎತ್ತುವ ಹಾಗಿಲ್ಲ. ಕೋಣೆಯ ವಿಷಯ ಎತ್ತಬಹುದು. ಹೊಸದಾಗಿ ಸೇರಿದವರಿಗೆ ಇದು ತಿಳಿಯುವುದಿಲ್ಲ. ಅವರು ಕೋಣೆಯ ಅಳತೆ, ನಕ್ಷೆ ಹಿಡಿದುಕೊಂಡು ಮಾತಾಡುತ್ತಾರೆ. ನಾನೂ ಹಾಗೇ ಮಾತಾಡಿದ್ದೆ.

ಮೀಟಿಂಗ್‌ನಲ್ಲಿ ತೀರ್ಮಾನವಾಗುವುದು ಬಹಳ ಕಮ್ಮಿ. ಹಿಂದಿನ ದಿನ ಸಂಜೆ, ಮೆಟ್ಟಿಲ ಹತ್ತಿರ, ಕಾರು ನಿಲ್ಲಿಸುವ ಜಾಗದಲ್ಲಿ ಆಗಿಹೋಗಿರುತ್ತದೆ. ಅಜೆಂಡಾದಲ್ಲಿ ಯಾವ ವಿಷಯ ಕೊನೆಗೆ ಬರುತ್ತದೆ ನೋಡಬೇಕು. ಎಲ್ಲರೂ ಸುಸ್ತಾಗಿ, ಅರ್ಧ ಜನ ಎದ್ದುಹೋದ ಮೇಲೆ, ಐದೇ ನಿಮಿಷದಲ್ಲಿ ಪಾಸಾಗುವುದು ಅದೇ. ಮಿನಿಟ್ಸ್, ಅಂದರೆ ಸಭೆಯ ನಡಾವಳಿ, ಬರೆಯುವವರಿಗೆ ಎಷ್ಟು ಅಧಿಕಾರ ಇದೆ ಅಂತ ತುಂಬ ಜನರಿಗೆ ಗೊತ್ತಿಲ್ಲ. ‘ಚರ್ಚಿಸಲಾಯಿತು’ ಅಂತ ಬರೆಯುವುದಕ್ಕೂ ‘ಒಪ್ಪಲಾಯಿತು’ ಅಂತ ಬರೆಯುವುದಕ್ಕೂ ಎಷ್ಟು ವ್ಯತ್ಯಾಸ ಅಲ್ವಾ? ಇದನ್ನೆಲ್ಲ ಕಲಿಯಲು ನನಗೆ ಹತ್ತು ವರ್ಷ ಬೇಕಾಯಿತು. ಕಲಿತ ಮೇಲೆ ನನ್ನನ್ನು ವಿಭಾಗದ ಮುಖ್ಯಸ್ಥಾನಕ್ಕೆ ತಂದು ಕೂರಿಸಿದರು. ಅಲ್ಲಿಂದ ಮುಂದೆ ಡೀನ್ ಕಚೇರಿ. ಒಟ್ಟು 11 ವರ್ಷ.

ಎರಡು ಪುಸ್ತಕಗಳನ್ನು ತಾಳೆ ನೋಡಿದಾಗ ಗೊತ್ತಾದ ವಿಷಯ ಇದೇ ವರ್ಷಗಳದ್ದು. ಆ 11 ವರ್ಷ ನನ್ನ ಲ್ಯಾಬ್ ನೋಟ್‌ಬುಕ್ ಖಾಲಿ. ಪ್ರಬಂಧಗಳ ಮೇಲೆ ನನ್ನ ಹೆಸರಿತ್ತು. ಆದರೆ ಕೈಯಲ್ಲಿ ಕೊಳವೆ ಹಿಡಿದಿದ್ದು ವಿದ್ಯಾರ್ಥಿಗಳು. ಅದೇ ವರ್ಷಗಳಲ್ಲಿ ಅಡುಗೆ ಪುಸ್ತಕ ಮೂರು ಪಟ್ಟು ದಪ್ಪವಾಗಿದೆ. ದಿನಾಂಕ, ತೂಕ, ಸಮಯ, ಒಂದನ್ನು ಮಾತ್ರ ಬದಲಿಸಿ ಉಳಿದದ್ದನ್ನು ಹಾಗೇ ಬಿಡುವುದು, ಎಲ್ಲವೂ ಇದೆ. ನಾನು ಬಿಟ್ಟೆ ಅಂದುಕೊಂಡಿದ್ದ ಕೆಲಸವನ್ನು ಬಿಟ್ಟಿರಲೇ ಇಲ್ಲ. ಸಂಜೆ ಏಳರ ಮೇಲೆ ಮನೆಯಲ್ಲಿ ಮಾಡುತ್ತಿದ್ದೆ. ಇದನ್ನು ಕಂಡ ದಿನ ತುಂಬ ಹೊತ್ತು ಆ ಪುಸ್ತಕವನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದೆ.

ಉದಾಹರಣೆಗೆ ಈರುಳ್ಳಿ. ಆರು ಪುಟ ಬರೀ ಈರುಳ್ಳಿ ಇದೆ. ಈರುಳ್ಳಿಯಲ್ಲಿ ಹತ್ತರಲ್ಲಿ ಸುಮಾರು ಒಂಬತ್ತು ಪಾಲು ನೀರು. ಆ ನೀರು ಹೋಗುವವರೆಗೆ ಬಾಣಲೆಯಲ್ಲಿರುವ ಈರುಳ್ಳಿ 100 ಡಿಗ್ರಿ ದಾಟುವುದಿಲ್ಲ. ಕಂದು ಬಣ್ಣ, ಘಮ ಬರಲು ಅದಕ್ಕಿಂತ ಜಾಸ್ತಿ ಬಿಸಿ ಬೇಕು, ಸುಮಾರು 140 ಡಿಗ್ರಿ. ಸಕ್ಕರೆಗೂ ಅಮೈನೋ ಆಮ್ಲಕ್ಕೂ ಆಗುವ ಈ ಕ್ರಿಯೆಯನ್ನು 1912ರಲ್ಲಿ ವಿವರಿಸಿದವರು ಫ್ರಾನ್ಸಿನ ಲೂಯಿ ಕಮೀಲ್ ಮೈಯಾರ್. ಹಾಗಾಗಿ ಅವಸರಪಟ್ಟು ಉರಿ ಏರಿಸಿದರೆ ಅಂಚು ಸೀದು ನಡು ಹಸಿಯಾಗಿಯೇ ಉಳಿಯುತ್ತದೆ. ಸಣ್ಣ ಉರಿಯಲ್ಲಿ ಮುಕ್ಕಾಲು ಗಂಟೆ, ತಳ ಹಿಡಿದಾಗ ಒಂದೊಂದು ಚಮಚ ನೀರು, ಮತ್ತೆ ಕೈಯಾಡಿಸುವುದು. ಇದಕ್ಕೆ ಅಡ್ಡದಾರಿ ಇಲ್ಲ. ಐದೇ ನಿಮಿಷ ಸಾಕು ಅಂತ ಬರೆದಿರುವುದನ್ನು ನೋಡಿದರೆ ಈಗಲೂ ನನಗೆ ಸಿಟ್ಟು ಬರುತ್ತದೆ. ಹೊಸದಾಗಿ ಅಡುಗೆ ಕಲಿಯುವವರು ಅದನ್ನು ನಂಬಿ, ತಪ್ಪು ತಮ್ಮದೇ ಅಂದುಕೊಳ್ಳುತ್ತಾರೆ.

ಸಸ್ಯಾಹಾರದ ಅಡುಗೆಯಲ್ಲಿ ಎಲ್ಲ ಹಾಕಿದ ಮೇಲೂ ‘ಏನೋ ಕಮ್ಮಿ’ ಅನ್ನಿಸುತ್ತದಲ್ಲ, ಅದರ ಹಿಂದೆ ಎರಡು ವರ್ಷ ಬಿದ್ದಿದ್ದೆ. ಜಪಾನಿನ ಕಿಕುನೇ ಇಕೆಡ 1908ರಲ್ಲಿ ಸಮುದ್ರದ ಪಾಚಿಯಿಂದ ಗ್ಲುಟಮೇಟ್ ಎಂಬ ರುಚಿ ಕೊಡುವ ಪದಾರ್ಥವನ್ನು ಬೇರ್ಪಡಿಸಿ, ಆ ರುಚಿಗೆ ಉಮಾಮಿ ಎಂದು ಹೆಸರಿಟ್ಟರು. ಚೆನ್ನಾಗಿ ಹಣ್ಣಾದ ಟೊಮೆಟೊದಲ್ಲಿ ಅದು ಬೇಕಾದಷ್ಟಿದೆ. ಒಣ ಅಣಬೆಯಲ್ಲಿ ಗ್ವಾನಿಲೇಟ್ ಎಂಬ ಇನ್ನೊಂದು ಪದಾರ್ಥವಿದೆ. ಎರಡೂ ಕೂಡಿದರೆ ರುಚಿ ಕೂಡುವುದಷ್ಟೇ ಅಲ್ಲ, ಹಲವು ಪಟ್ಟು ಏರುತ್ತದೆ. ಅಣಬೆ ನೆನೆಸಿದ ನೀರನ್ನು ಚೆಲ್ಲದೆ ಸೋಸಿ, ಬೆಂದ ಬೇಳೆಗೆ ಟೊಮೆಟೊ ಜೊತೆ ಹಾಕಿದ ದಿನ ಪುಸ್ತಕದಲ್ಲಿ ಒಂದೇ ಸಾಲು ಬರೆದಿದ್ದೇನೆ: ‘ಸಿಕ್ಕಿತು.’ ಅದೇ ದಿನದ ಮೀಟಿಂಗ್ ಪುಸ್ತಕದಲ್ಲಿ ನಾಲ್ಕು ಪುಟ ಇದೆ. ಹಾಜರಿ ಪುಸ್ತಕದ ಹೊಸ ನಮೂನೆ ಬಗ್ಗೆ.

ಹಾಗಂತ ಕ್ಯಾಂಪಸ್ ರಾಜಕೀಯ ಎಲ್ಲವೂ ದಂಡ ಅಂತ ನಾನು ಹೇಳಲಾರೆ. ಒಳ್ಳೆಯ ಮೇಷ್ಟ್ರುಗಳು ‘ನನಗೆ ರಾಜಕೀಯ ಬೇಡಪ್ಪಾ’ ಅಂತ ದೂರ ಉಳಿಯುವುದನ್ನು ನೋಡಿದ್ದೇನೆ. ಅವರ ಪಾಲಿನ ತೀರ್ಮಾನವನ್ನು ಬೇರೆಯವರು ತೆಗೆದುಕೊಂಡರು, ಅಷ್ಟೇ. ವಿಶ್ವವಿದ್ಯಾಲಯ ಹುಟ್ಟಿದ ಕಾಲದಿಂದಲೂ ಈ ಹಗ್ಗಜಗ್ಗಾಟ ಇದ್ದೇ ಇದೆ. ಮಧ್ಯಯುಗದಲ್ಲಿ ಇಟಲಿಯ ಬೊಲೋನ್ಯದಲ್ಲಿ ವಿದ್ಯಾರ್ಥಿಗಳೇ ಸಂಘ ಕಟ್ಟಿಕೊಂಡಿದ್ದರು. ತಡವಾಗಿ ಬಂದ ಮೇಷ್ಟ್ರಿಗೆ ದಂಡ ಹಾಕುತ್ತಿದ್ದರು. ಯಾರು ಯಾರಿಗೆ ಲೆಕ್ಕ ಒಪ್ಪಿಸಬೇಕು ಅನ್ನುವುದು ಸಣ್ಣ ಪ್ರಶ್ನೆಯಲ್ಲ.

ನನ್ನ 31 ಪುಸ್ತಕಗಳಲ್ಲಿ ನಿಜವಾಗಿ ಬೆಲೆಬಾಳುವ ಜಗಳ ಒಂದಿದೆ. ಬಿಎಸ್ಸಿ ಲ್ಯಾಬಿನಲ್ಲಿ ರಾಸಾಯನಿಕಗಳ ಹೊಗೆಯನ್ನು ಹೊರಗೆ ಎಳೆಯಬೇಕಾದ ಫ್ಯೂಮ್ ಹುಡ್‌ಗಳು ಗಾಳಿ ಎಳೆಯುತ್ತಿರಲಿಲ್ಲ. ಮಧ್ಯಾಹ್ನದ ಬ್ಯಾಚಿನ ಮಕ್ಕಳು ಕಣ್ಣು ಉಜ್ಜಿಕೊಂಡು ಹೊರಗೆ ಬರುತ್ತಿದ್ದರು. ದುಡ್ಡು ಸಭಾಂಗಣದ ಕುರ್ಚಿಗಳಿಗೆ ಹೋಗಿತ್ತು. ಮೂರು ವರ್ಷ ಪ್ರತಿ ಮೀಟಿಂಗ್‌ನಲ್ಲೂ ಅದೊಂದೇ ವಿಷಯ ಎತ್ತಿದೆವು. ಲ್ಯಾಬ್ ಸಹಾಯಕರೊಬ್ಬರು ದಿನವೂ ಹುಡ್ಡಿನ ಬಾಯಿಗೆ ತೆಳು ಕಾಗದದ ಪಟ್ಟಿ ಹಿಡಿದು, ಅದು ಒಳಗೆ ಎಳೆಯಿತೋ ಇಲ್ಲವೋ ಬರೆದಿಡುತ್ತಿದ್ದರು. ಆ ಪಟ್ಟಿಯ ಮುಂದೆ ಯಾರ ಭಾಷಣವೂ ನಡೆಯಲಿಲ್ಲ. ಹೊಸ ಹುಡ್ ಬಂದ ದಿನ ಅವರನ್ನೂ ಅವರ ಮನೆಯವರನ್ನೂ ಊಟಕ್ಕೆ ಕರೆದೆ. ಅವತ್ತಿನ ಅಡುಗೆ ಏನೇನು ಅಂತ ಪುಸ್ತಕದಲ್ಲಿ ಪೂರ್ತಿ ಇದೆ.

ಆ ಕಾಗದದ ಪಟ್ಟಿ ನೋಡಿದಾಗಲೆಲ್ಲ ನನಗೆ ಫಿಕ್ ಮತ್ತು ವಿಸ್ಲಿಸೆನಸ್ ಎಂಬ ಇಬ್ಬರು ವಿಜ್ಞಾನಿಗಳು ನೆನಪಾಗುತ್ತಾರೆ. ಕ್ಲಾಸಿನಲ್ಲಿ ಅತ್ಯಂತ ಪ್ರೀತಿಯಿಂದ ಹೇಳುತ್ತಿದ್ದ ಕಥೆ ಅದು. ಹತ್ತೊಂಬತ್ತನೇ ಶತಮಾನದಲ್ಲಿ ರಸಾಯನಶಾಸ್ತ್ರ ಅಂದರೆ ಜರ್ಮನಿಯ ಲೀಬಿಗ್. ಸ್ನಾಯುಗಳು ಕೆಲಸ ಮಾಡುವುದು ಪ್ರೋಟೀನ್ ಸುಟ್ಟೇ ಎಂದು ಅವರು ಹೇಳಿದ್ದರು. ಅವರು ಹೇಳಿದ ಮೇಲೆ ಮುಗಿಯಿತು. ಶ್ರಮದ ಕೆಲಸಕ್ಕೆ ಮಾಂಸ ಬೇಕೇ ಬೇಕು ಅನ್ನುವ ನಂಬಿಕೆಗೆ ಅದು ದೊಡ್ಡ ಆಸರೆಯಾಯಿತು. 1865ರಲ್ಲಿ ಈ ಇಬ್ಬರೂ ಸ್ವಿಟ್ಜರ್ಲೆಂಡಿನ ಫಾಲ್‌ಹಾರ್ನ್ ಬೆಟ್ಟ ಹತ್ತಿದರು. ಸುಮಾರು 1950 ಮೀಟರ್ ಏರು. ಹತ್ತುವ ಮುಂಚಿನಿಂದಲೇ ಪ್ರೋಟೀನ್ ಬಿಟ್ಟಿದ್ದರು. ತಿಂದದ್ದು ಪಿಷ್ಟದ ಹಿಟ್ಟನ್ನು ಕೊಬ್ಬಿನಲ್ಲಿ ಕರಿದ ಬಿಲ್ಲೆ, ಕುಡಿದದ್ದು ಸಕ್ಕರೆ ಹಾಕಿದ ಚಹಾ. ಮೂತ್ರ ಕೂಡಿಟ್ಟು ಅದರಲ್ಲಿನ ಸಾರಜನಕ ಅಳೆದರು, ದೇಹ ಎಷ್ಟು ಪ್ರೋಟೀನ್ ಸುಟ್ಟಿತು ಅಂತ ಅದರಿಂದ ಗೊತ್ತಾಗುತ್ತದೆ. ಅಷ್ಟು ಎತ್ತರ ಏರಲು ಬೇಕಾದ ಶಕ್ತಿ ಆ ಪ್ರೋಟೀನಿನಿಂದ ಬರಲು ಸಾಧ್ಯವೇ ಇಲ್ಲ ಅಂತ ಲೆಕ್ಕ ಹೇಳಿತು. ಅವರು ಲೀಬಿಗ್ ಜೊತೆ ಸಭೆಯಲ್ಲಿ ಕಿತ್ತಾಡಲಿಲ್ಲ. ಬೆಟ್ಟ ಹತ್ತಿ ಇಳಿದರು. ಪ್ರೋಟೀನ್ ಬೇಡ ಅಂತ ಇದರ ಅರ್ಥವಲ್ಲ. ಅದು ದೇಹ ಕಟ್ಟಲು ಬೇಕೇ ಬೇಕು, ಅದಕ್ಕೇ ನನ್ನ ಪುಸ್ತಕದ ತುಂಬ ಕಾಳು ಇರುವುದು.

ಇನ್ನು ಒಂದು ಪುಟದ ಬಗ್ಗೆ ಹೇಳಲೇಬೇಕು. 14ನೇ ಪುಸ್ತಕ.

ನಮ್ಮ ವಿಭಾಗದಲ್ಲಿ ಆರು ವರ್ಷದಿಂದ ತಾತ್ಕಾಲಿಕವಾಗಿ ಪಾಠ ಮಾಡುತ್ತಿದ್ದ ಒಬ್ಬರಿದ್ದರು. ನನಗಿಂತ ಚಿಕ್ಕವರು. ಪ್ರತಿ ವರ್ಷ ಬೇಸಿಗೆಯಲ್ಲಿ ಅವರ ಕೆಲಸ ಮುಗಿಯುತ್ತಿತ್ತು, ರಜೆ ಮುಗಿದ ಮೇಲೆ ಮತ್ತೆ ಶುರುವಾಗುತ್ತಿತ್ತು. ರಜೆಯ ಸಂಬಳ ಇಲ್ಲ. ಮೊದಲ ವರ್ಷದ ಮಕ್ಕಳಿಗೆ ಅವರಷ್ಟು ಚೆನ್ನಾಗಿ ಕಲಿಸುವವರು ನಮ್ಮಲ್ಲಿ ಇನ್ನೊಬ್ಬರಿರಲಿಲ್ಲ. ಅವರನ್ನು ಕಾಯಂ ಮಾಡಬೇಕೆಂದು ಶಿಫಾರಸು ಕಳಿಸುವ ವಿಷಯ ಮೀಟಿಂಗ್‌ಗೆ ಬಂತು. ಎರಡು ಗುಂಪು. ಅವರು ಬೇರೆ ಗುಂಪಿನ ಹಿರಿಯರ ವಿದ್ಯಾರ್ಥಿ ಅನ್ನುವುದೇ ವಿರೋಧಕ್ಕೆ ಕಾರಣ. ಪಾಠದ ಬಗ್ಗೆ ಯಾರೂ ಒಂದು ಮಾತೂ ಆಡಲಿಲ್ಲ. ಮುಂದಿನ ತಿಂಗಳು ಮುಖ್ಯಸ್ಥರ ಆಯ್ಕೆ ಇತ್ತು. ನನಗೆ ಎರಡೂ ಗುಂಪು ಬೇಕಿತ್ತು.

ನನ್ನ ಅಕ್ಷರದಲ್ಲೇ ಇದೆ: ‘ಪರ 5, ವಿರುದ್ಧ 6, ತಟಸ್ಥ 1.’ ಆ ಒಂದು ನಾನು.

ಹಿಂದಿನ ಶನಿವಾರ ಅವರು ನಮ್ಮ ಮನೆಗೆ ಊಟಕ್ಕೆ ಬಂದಿದ್ದರು. ಅಡುಗೆ ಪುಸ್ತಕದಲ್ಲಿ ಆ ದಿನಾಂಕವೂ ಇದೆ. ಕಾಬೂಲಿ ಕಡಲೆ, ಕಂದಾಗಿ ಹುರಿದ ಈರುಳ್ಳಿ, ಕೊನೆಗೆ ಟೊಮೆಟೊ. ‘ಎರಡು ಸಲ ಹಾಕಿಸಿಕೊಂಡರು’ ಅಂತ ಬರೆದಿದ್ದೇನೆ. ಮೀಟಿಂಗ್ ಆದ ಮರುದಿನ ನನ್ನ ಕೋಣೆಗೆ ಬಂದು, ‘ಪರವಾಗಿಲ್ಲ ಬಿಡಿ, ನಿಮ್ಮ ಕಷ್ಟ ನನಗೆ ಅರ್ಥವಾಗುತ್ತೆ’ ಅಂದರು. ವರ್ಷದ ಕೊನೆಗೆ ಹೊರಟುಹೋದರು. ನಾನು ಮುಖ್ಯಸ್ಥನ ಕುರ್ಚಿಗೆ ಬಂದೆ.

‘ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ’ ಅನ್ನುವ ಗಾದೆಯನ್ನು ನನ್ನ ಬೀಳ್ಕೊಡುಗೆ ಸಭೆಯಲ್ಲಿ ಒಬ್ಬರು ನನಗೇ ಅನ್ವಯಿಸಿ ಹೇಳಿದರು. ಎಲ್ಲರೂ ಚಪ್ಪಾಳೆ ತಟ್ಟಿದರು. ನನಗೆ ಆ ಹೊತ್ತಿನಲ್ಲಿ ನೆನಪಾದದ್ದು ಆ ಒಂದು ಮತ. ಜಗಳ ಆಗಬೇಕಾಗಿದ್ದ ದಿನ ನಾನು ಜಗಳ ಮಾಡಲಿಲ್ಲ. ಎರಡನೇ ಮಹಡಿಯ ಕೋಣೆಗಾಗಿ ಎರಡು ವರ್ಷ ಗಂಟಲು ಹರಿದುಕೊಂಡವರು ನಾವು. ಒಬ್ಬರ ಬದುಕಿನ ವಿಷಯ ಇಪ್ಪತ್ತೇ ನಿಮಿಷದಲ್ಲಿ ಮುಗಿದಿತ್ತು. ಅಜೆಂಡಾದಲ್ಲಿ ಅದು ಕೊನೆಯ ವಿಷಯವಾಗಿತ್ತು.

ಮೀಟಿಂಗ್ ಪುಸ್ತಕಗಳನ್ನು ಹೋದ ಭಾನುವಾರ ರದ್ದಿಗೆ ಹಾಕಿದೆ. ಫ್ಯೂಮ್ ಹುಡ್ಡಿನ ಪುಸ್ತಕವನ್ನು ಇಟ್ಟುಕೊಂಡಿದ್ದೇನೆ. 14ನೇ ಪುಸ್ತಕದ ಆ ಪುಟವನ್ನು ಕತ್ತರಿಸಿ, ಅಡುಗೆ ಪುಸ್ತಕದಲ್ಲಿ ಆ ಶನಿವಾರದ ಪುಟದ ಎದುರಿಗೆ ಅಂಟಿಸಿದೆ. ಅಡುಗೆ ಪುಸ್ತಕವನ್ನು ದಿನಾ ತೆಗೆಯುತ್ತೇನೆ, ಅದಕ್ಕೆ.

ಅವರಿಗೆ ಕಾಗದ ಬರೆದೆ. ಮೂರು ಸಲ ಬರೆದು ಹರಿದ ಮೇಲೆ ನಾಲ್ಕನೆಯದನ್ನು ಕಳಿಸಿದೆ. ಅದರಲ್ಲಿ ಸಮಜಾಯಿಷಿ ಏನೂ ಇಲ್ಲ. ಆ ತಟಸ್ಥ ಮತ ಯಾಕೆ ಹಾಕಿದೆ ಅಂತ ಇದ್ದದ್ದು ಇದ್ದ ಹಾಗೆ ಬರೆದಿದ್ದೇನೆ. ಕೊನೆಗೆ, ಈ ಕಡೆ ಬಂದರೆ ಊಟಕ್ಕೆ ಬನ್ನಿ ಅಂತ ಬರೆಯಲು ಹೊರಟು ನಿಲ್ಲಿಸಿದೆ. ಕರೆಯುವ ಹಕ್ಕು ನನಗಿದೆಯೇ ಅಂತ ಯೋಚಿಸಿದೆ. ಆಮೇಲೆ ಬರೆದೇ ಬಿಟ್ಟೆ.